ನಾಟಕ ನೋಡಿದವರ ಲೆಕ್ಕ ಸಾಕಾ?

ಪ್ರೀತಿಯ ಗೆಳೆಯಾ,

ಡಿಸೆಂಬರ್ 1ರ ವಿಶ್ವ ಏಡ್ಸ್ ದಿನಕ್ಕೆ ಕಾಲೇಜು ಹುಡುಗರಿಂದ ಎಚ್‌ಐವಿ ಬಗ್ಗೆ ಬೀದಿ ನಾಟಕ ಆಡಿಸುತ್ತಿದ್ದೀಯ ಅಂತ ತಿಳಿದು ಖುಷಿಯಾಯಿತು. ಅದರಿಂದ ಉಪಯೋಗ ಆಯಿತಾ ಅಂತ ತಿಳಿಯುವುದು ಹೇಗೆ ಎಂದು ಕೇಳಿದ್ದೀಯ. ಎಷ್ಟು ಜನ ಸೇರಿದ್ದರು, ಎಷ್ಟು ಕರಪತ್ರ ಹಂಚಿದೆವು ಅನ್ನುವುದು ನಾವು ಪಟ್ಟ ಶ್ರಮದ ಲೆಕ್ಕ. ಅಷ್ಟಕ್ಕೇ ನಿಲ್ಲಿಸಬೇಡ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಏಡ್ಸ್ ಹೆಸರು ಕೇಳಿದ್ದೀರಾ ಅಂತಷ್ಟೇ ಕೇಳಿ ಬಿಡುವುದಿಲ್ಲ. ಕಾಂಡೋಮ್ ಬಳಸಿದರೆ ಅಪಾಯ ಕಡಿಮೆಯಾಗುತ್ತಾ? ನೋಡಲು ಆರೋಗ್ಯವಾಗಿರುವವರಲ್ಲೂ ಎಚ್‌ಐವಿ ಇರಬಹುದಾ? ಸೊಳ್ಳೆ ಕಚ್ಚಿದರೆ, ಜೊತೆಗೆ ಕೂತು ಉಂಡರೆ ಬರುತ್ತಾ? ಹೀಗೆ ಬಿಡಿಸಿ ಕೇಳುತ್ತಾರೆ. ಎಲ್ಲಕ್ಕೂ ಸರಿಯಾಗಿ ಉತ್ತರಿಸಿದವರು 2015-16ರಲ್ಲಿ ಹೆಂಗಸರಲ್ಲಿ ಸುಮಾರು 21%, ಗಂಡಸರಲ್ಲಿ 32%. 2019-21ರಲ್ಲಿ 22% ಮತ್ತು 31%. ಈ ನಡುವೆ ಎಷ್ಟು ಜಾಥಾ, ಎಷ್ಟು ಗೋಡೆ ಬರಹ ಆಗಿರಬೇಡ! ನನಗಂತೂ ಇದು ತುಂಬಾ ನೋವಿನ ಸಂಗತಿ.

ತಿಳಿದ ಮಾತ್ರಕ್ಕೆ ನಡೆಯೂ ಬದಲಾಗುವುದಿಲ್ಲ. ಗಿರಾಕಿ ಕಾಂಡೋಮ್ ಬೇಡ ಅಂದರೆ, ಪೊಲೀಸರ ಭಯವೂ ಇದ್ದರೆ, ಲೈಂಗಿಕ ವೃತ್ತಿಯ ಹೆಂಗಸಿಗೆ ಪೋಸ್ಟರ್ ಏನು ಮಾಡೀತು? 2003ರಲ್ಲಿ ಗೇಟ್ಸ್ ಫೌಂಡೇಶನ್ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಶುರು ಮಾಡಿದ ‘ಆವಾಹನ್’ ಯೋಜನೆ ಇದಕ್ಕೇ ಕೈ ಹಾಕಿತು. ಅದೇ ವೃತ್ತಿಯವರು ತಮ್ಮವರ ಬಳಿ ಹೋಗಿ ಮಾತಾಡಿದರು. ಕಾಂಡೋಮ್ ಜೊತೆಗೆ ಗುಹ್ಯರೋಗಗಳಿಗೆ ಚಿಕಿತ್ಸೆಯೂ ಸಿಕ್ಕಿತು. ಮೈಸೂರಿನಲ್ಲಿ ಅವರೇ ಕಟ್ಟಿಕೊಂಡ ಸಂಘ ಆಶೋದಯ. ಆವಾಹನ್‌ನಿಂದ 2003ರಿಂದ 2008ರವರೆಗೆ ಸುಮಾರು 1 ಲಕ್ಷ ಸೋಂಕು ತಪ್ಪಿತು ಅಂತ 2011ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಬಂದ ಅಧ್ಯಯನ ಅಂದಾಜಿಸಿತು. ಅಂದಾಜು ಅನ್ನುವುದನ್ನು ಮರೆಯಬೇಡ. ಚೀಟಿ ಎತ್ತಿ ಜಿಲ್ಲೆ ಆರಿಸಿರಲಿಲ್ಲ. ಸೋಂಕು ಜಾಸ್ತಿ ಇದ್ದ ಕಡೆಗೇ ಯೋಜನೆ ಹೋಗಿತ್ತು. 2004ರಿಂದ ಸರ್ಕಾರ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯನ್ನೂ ಉಚಿತವಾಗಿ ಕೊಡತೊಡಗಿತ್ತು. ಇಳಿಕೆಯಲ್ಲಿ ಯಾರ ಪಾಲು ಎಷ್ಟು ಅಂತ ಬಿಡಿಸುವುದು ಕಷ್ಟ, ಅಲ್ವಾ? ಆದರೂ ಈ ದಾರಿಯ ಮೇಲೆ ನನಗೆ ಪೂರ್ತಿ ನಂಬಿಕೆ.

ನೀನು ಇಷ್ಟು ಮಾಡು. ನಾಟಕಕ್ಕೆ ಮೊದಲು ಐದಾರು ಪ್ರಶ್ನೆ ಕೊಡು, ಹೆಸರು ಬರೆಸಬೇಡ. ಮೂರು ತಿಂಗಳ ಮೇಲೆ ಅವೇ ಪ್ರಶ್ನೆ ಮತ್ತೆ ಕೇಳು. ನಾಟಕ ಆಡದ ಇನ್ನೊಂದು ಕಾಲೇಜಲ್ಲೂ ಕೇಳು. ಹತ್ತಿರದ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ, ಪರೀಕ್ಷೆ ಸಿಗುವ ಕೇಂದ್ರ) ತಾವಾಗಿ ಪರೀಕ್ಷೆಗೆ ಬಂದವರ ಒಟ್ಟು ಸಂಖ್ಯೆ ಸಿಗುತ್ತದಾ ವಿಚಾರಿಸು.

ಇನ್ನೊಂದು ಮಾತು. ಕೊನೆಗೆ ರೋಗಿ ಸಾಯುವ ದೃಶ್ಯ ಇದ್ದರೆ ತೆಗೆದುಬಿಡು. ಹೆದರಿದವರು ಪರೀಕ್ಷೆಯಿಂದಲೇ ದೂರ ಓಡುತ್ತಾರೆ. ತಪ್ಪದೆ ಮಾತ್ರೆ ತಗೊಂಡು ವೈರಸ್ ಪರೀಕ್ಷೆಯಲ್ಲಿ ಸಿಗದಷ್ಟು ಇಳಿದರೆ, ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಅದನ್ನು ನಾಟಕದಲ್ಲಿ ಹೇಳಿಸು. ಪ್ರಶ್ನೆಗಳ ಕರಡು ಕಳಿಸು, ಇಬ್ಬರೂ ಕೂತು ತಿದ್ದೋಣ.

ನಿನ್ನ ಗೆಳೆಯ