ಆಟಕ್ಕೂ ಗಂಟೆ ಲೆಕ್ಕದ ಬಾಡಿಗೆ

ಮಾನ್ಯರೇ,

ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ಕೊಯ್ಲು ಮುಗಿದರೆ ಗದ್ದೆಯೇ ಕ್ರಿಕೆಟ್ ಮೈದಾನ. ಬರಿಗಾಲಿಗೆ ಕೂಳೆ ಚುಚ್ಚುತ್ತಿತ್ತು, ಚೆಂಡು ಹಳ್ಳಕ್ಕೆ ಬಿದ್ದರೆ ಆಟ ಅಲ್ಲಿಗೇ ಮುಕ್ತಾಯ. ಖರ್ಚು ಮಾತ್ರ ಶೂನ್ಯ. ರಾತ್ರಿ ಹರಕೆಯ ಬಯಲಾಟವಿದ್ದರೆ ಚಾಪೆ, ಕಂಬಳಿ ಹೊತ್ತು ಹೊರಟರಾಯಿತು, ಟಿಕೆಟ್ ಕೇಳುವವರಿಲ್ಲ. ಈಗ ಬೆಂಗಳೂರಿನಲ್ಲಿ ಮಗ ಆಡಬೇಕೆಂದರೆ ಪ್ಲಾಸ್ಟಿಕ್ ಹುಲ್ಲಿನ ಟರ್ಫ್‌ಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ ತೆರಬೇಕು. ಮಲ್ಟಿಪ್ಲೆಕ್ಸ್‌ನ ಪಾಪ್‌ಕಾರ್ನ್ ಬೆಲೆಯಂತೂ ಟಿಕೆಟ್ಟನ್ನೇ ನಾಚಿಸುತ್ತದೆ.

ಹಾಗೆಂದು ನಗರವನ್ನು ಪೂರ್ತಿ ಬೈಯಲಾರೆ. 1870ರ ಕಬ್ಬನ್ ಉದ್ಯಾನಕ್ಕೆ ಇಂದಿಗೂ ಪ್ರವೇಶ ಉಚಿತ. ಅದರೊಳಗಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಗ್ರಂಥಾಲಯದಲ್ಲಿ ಕಾಸಿಲ್ಲದೆ ಕುಳಿತು ಓದಬಹುದು. ಅಂಥದ್ದು ನಮ್ಮೂರಿಗೆ ಕನಸು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಪತ್ನಿ, ಅತ್ತೆ ಬಸ್ಸಿನಲ್ಲಿ ಪುಕ್ಕಟೆ ಹೋಗಿಬರುತ್ತಾರೆ, ಟಿಕೆಟ್ ನನಗಷ್ಟೇ! ಆದರೆ ಹೊರವಲಯದ ನಮ್ಮ ಬಡಾವಣೆಯಿಂದ ಆ ಉದ್ಯಾನಕ್ಕೆ ಒಂದೂವರೆ ಗಂಟೆಯ ದಾರಿ. ಮನೆಯೆದುರಿನ ಮೈದಾನಕ್ಕೋ ಬೇಲಿ ಬಿಗಿದು, ತರಬೇತಿಯ ಹೆಸರಿನಲ್ಲಿ ಶುಲ್ಕ ವಸೂಲಿ ನಡೆದಿದೆ. ಸಂಜೆ ಎರಡು ತಾಸಾದರೂ ಆ ಗೇಟು ಬಡಾವಣೆಯ ಮಕ್ಕಳಿಗೆ ತೆರೆದಿರಲಿ.

– ಒಬ್ಬ ಓದುಗ, ಬೆಂಗಳೂರು