ಸಂಡೂರು ಚಾರಣ: ಇಳಿಯುವಾಗಲೇ ಎಚ್ಚರ ಬೇಕು

ಮಾನ್ಯರೆ,

ಮಳೆ ಬಿದ್ದು ಸಂಡೂರಿನ ಗುಡ್ಡಗಳು ಹಸಿರಾದರೆ ಚಾರಣಿಗರು ಗುಂಪುಗುಂಪಾಗಿ ಬರುತ್ತಾರೆ. ಬರಲಿ, ಸಂತೋಷ. ಆದರೆ ಒಂದು ಸಾಲಿನಲ್ಲಿ 15ಕ್ಕಿಂತ ಹೆಚ್ಚು ಜನ ಬೇಡ. ಸಾಲು ಉದ್ದವಾದಷ್ಟೂ ಹಿಂದಿನವರು ಕವಲುದಾರಿಯಲ್ಲಿ ತಪ್ಪುತ್ತಾರೆ. ದಾರಿ ಬಲ್ಲವರು ಮುಂದೆ, ಸೀಟಿ ಹಿಡಿದವರು ಕೊನೆಗೆ. ಪ್ರತಿ ಕವಲಿನಲ್ಲೂ ನಿಂತು ತಲೆ ಎಣಿಸಬೇಕು.

ಇಲ್ಲಿನ ನೆಲವೇ ಬೇರೆ. ಅದಿರಿನ ಕೆಂಪು ಮಣ್ಣು ನೆನೆದರೆ ಬೂಟಿನ ಅಡಿಗೆ ಮೆತ್ತಿಕೊಂಡು ಹಿಡಿತ ತಪ್ಪುತ್ತದೆ. ಒಣಗಿದರೆ ಅದಿರಿನ ಹರಳುಗಳು ಗೋಲಿಯಂತೆ ಉರುಳುತ್ತವೆ. ಕಾಲು ಉಳುಕುವುದು ಹೆಚ್ಚಾಗಿ ದಣಿದು ಇಳಿಯುವಾಗ. ಹೆಜ್ಜೆ ಚಿಕ್ಕದಿರಲಿ, ಮೊಣಕಾಲು ತುಸು ಬಾಗಿರಲಿ, ಕೈಯಲ್ಲೊಂದು ಕೋಲಿರಲಿ. ತಲಾ 3 ಲೀಟರ್ ನೀರು, ಗುಂಪಿಗೆ ಓಆರ್‌ಎಸ್ ಪೊಟ್ಟಣ, ಕ್ರೇಪ್ ಬ್ಯಾಂಡೇಜ್ ಇರಲೇಬೇಕು.

ಕರಡಿಗಳು ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಹೆಚ್ಚು ಓಡಾಡುತ್ತವೆ. ಲಂಟಾನ ಪೊದೆಗಳ ನಡುವೆ ಮಾತಾಡುತ್ತಲೇ ನಡೆಯಿರಿ. ಸದ್ದಿಲ್ಲದೆ ಎದುರಾದರೆ ಕರಡಿ ಬೆದರಿ ಮೇಲೆರಗುತ್ತದೆ. ಸಂಜೆ 4ಕ್ಕೆ ಎಲ್ಲರೂ ಕೆಳಗಿರಬೇಕು.

ಅನುಮತಿ ಕೊಡುವಾಗಲೇ ಅರಣ್ಯ ಇಲಾಖೆ ತಲೆಲೆಕ್ಕ, ಹೊರಡುವ ಮತ್ತು ಮರಳುವ ಹೊತ್ತು ಬರೆಸಿಕೊಳ್ಳಲಿ. ಊರಿನ ಒಬ್ಬ ಮಾರ್ಗದರ್ಶಿಯನ್ನೂ ಕಡ್ಡಾಯ ಮಾಡಲಿ.

– ಚಾರಣಾಸಕ್ತರು, ಸಂಡೂರು