ಬೋರ್ಡಿನ ಹಿಂದೆ ಮರೆಯಾದ ಹಳೇ ಪೇಟೆ

ಮಾನ್ಯರೇ,

ಹುಬ್ಬಳ್ಳಿಯ ದುರ್ಗದಬೈಲ್, ಜವಳಿ ಸಾಲ, ದಾಜಿಬಾನ ಪೇಟೆಯ ಹಳೇ ಅಂಗಡಿ ಕಟ್ಟಡಗಳು ಒಂದೊಂದಾಗಿ ನೆಲಸಮವಾಗುತ್ತಿವೆ. ಉಳಿದವು ಅಲ್ಯೂಮಿನಿಯಂನ ಎಸಿಪಿ ಶೀಟು, ಫ್ಲೆಕ್ಸುಗಳ ಹಿಂದೆ ಅಡಗಿವೆ. ಪೇಟೆಗೆ ಬಂದವರು ಸೀರೆ ನೋಡುವ ಮೊದಲು ಒಮ್ಮೆ ಕತ್ತೆತ್ತಿ ನೋಡಲಿ. ಬೋರ್ಡಿನ ಮೇಲಂಚಿನಲ್ಲಿ ಸಾಗವಾನಿ ಕಂಬದ ತಲೆಯ ಬೋದಿಗೆ, ಮಹಡಿಯ ಕಟ್ಟಿಗೆ ಕಟಾಂಜನ, ಮಂಗಳೂರು ಹಂಚಿನ ಸೂರು ಇಣುಕುತ್ತವೆ. ಹಲಗೆಗಳನ್ನು ಒಂದೊಂದಾಗಿ ಕೂಡಿಸಿ ಮುಚ್ಚುವ ಅಂಗಡಿ ಇನ್ನೂ ಅಲ್ಲೊಂದು ಇಲ್ಲೊಂದು ಇದೆ. ಅದಲುಬದಲಾಗದಿರಲೆಂದು ಹಲಗೆಗಳ ಮೇಲೆ ಅಂಕಿ ಬರೆದಿರುತ್ತಾರೆ. ಕೆಳಗೆ ವ್ಯಾಪಾರ, ಮೇಲೆ ಸಂಸಾರ, ಹಿಂದೆ ಗೋದಾಮು.

ಸವಣೂರು ನವಾಬ ಮಜೀದ್ ಖಾನನ ಕಾಲದಲ್ಲಿ, 1727ರಲ್ಲಿ, ಬಸಪ್ಪ ಶೆಟ್ಟರ ಎಂಬ ವರ್ತಕ ಕೋಟೆ ಬಯಲಿನ ಸುತ್ತ ಹೊಸ ಹುಬ್ಬಳ್ಳಿ ಕಟ್ಟಿಸಿದ. ಆ ಬಯಲೇ ಇಂದಿನ ದುರ್ಗದಬೈಲ್. 1880ರ ದಶಕದಲ್ಲಿ ರೈಲು, ಅದರ ಕಾರ್ಖಾನೆ ಬಂದ ಮೇಲೆ ಹತ್ತಿ ವ್ಯಾಪಾರಕ್ಕೆ ಇನ್ನಷ್ಟು ಬಲ ಬಂತು. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಿದೆ, ಇರಲೇಬೇಕು. ಊರಿಗೆ ಅನ್ನ ಹಾಕಿದ ಅಂಗಡಿಗಳನ್ನು ಕೇಳುವವರು ಯಾರು?

ಹಾಗೆಂದು ಮಾಲೀಕರನ್ನು ಬೈದು ಪ್ರಯೋಜನವಿಲ್ಲ. ಅಣ್ಣತಮ್ಮಂದಿರ ಪಾಲು, ದಶಕಗಳ ಹಿಂದಿನ ಬಾಡಿಗೆ, ಮಳೆಗಾಲ ಬಂದರೆ ಹಂಚು ಕೈಯಾಡಿಸುವ ಖರ್ಚು. ಕೆಡವಿ ಕಾಂಪ್ಲೆಕ್ಸ್ ಕಟ್ಟಿದವನಿಗೆ ಲಾಭ, ಉಳಿಸಿಕೊಂಡವನಿಗೆ ಬರೀ ರಿಪೇರಿ. ಒಂದು ಕಾಲಕ್ಕೆ ನಮಗೂ ರಾಜಧಾನಿಯಾಗಿದ್ದ ಮುಂಬೈ 1995ರಲ್ಲೇ ಪಾರಂಪರಿಕ ಕಟ್ಟಡಗಳ ಪಟ್ಟಿ ಮಾಡಿ ನಿಯಮ ತಂದಿತು. ಹಳೇ ಕಟ್ಟಡದ ಮೇಲೆ ಕಟ್ಟಲಾಗದ ಅಂತಸ್ತಿನ ಹಕ್ಕನ್ನು ಟಿಡಿಆರ್ ಮಾಡಿ, ಅಂದರೆ ಬೇರೆ ಕಡೆ ಕಟ್ಟಲು ಬಳಸಬಹುದಾದ ಹಕ್ಕಾಗಿಸಿ, ಮಾರಲು ಅಲ್ಲಿ ಅವಕಾಶವಿದೆ. ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟವರಿಗೆ ಟಿಡಿಆರ್ ಎಂಬ ಮಾತು ನಮ್ಮಲ್ಲೂ ಹೊಸದಲ್ಲ. ಕಟ್ಟಡ ಉಳಿಸಿದವರಿಗೂ ಅದನ್ನು ಕೊಡಬಹುದಲ್ಲ.

ಮಹಾನಗರ ಪಾಲಿಕೆ ಮೊದಲು ಈ ನಾಲ್ಕಾರು ಗಲ್ಲಿಗಳ ಹಳೇ ಅಂಗಡಿಗಳನ್ನು ಫೋಟೊ ಸಮೇತ ಪಟ್ಟಿ ಮಾಡಲಿ. ಪಟ್ಟಿಯಲ್ಲಿರುವ ಕಟ್ಟಡಗಳಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡಲಿ, ಬೋರ್ಡು ಮಹಡಿಯನ್ನು ಮುಚ್ಚದಂತೆ ಅಳತೆ ಗೊತ್ತು ಮಾಡಲಿ. ಇನ್ನೊಂದು ಮಾತು. ಕಟ್ಟಿಗೆ ಮಾಳಿಗೆ, ಅದರ ತುಂಬ ಬಟ್ಟೆ ದಾಸ್ತಾನು, ಮೇಲೆ ಜೋತಾಡುವ ಹಳೇ ವೈರು: ಒಂದು ಕಿಡಿ ಸಾಕು. ಪಟ್ಟಿ ಮಾಡಲು ಬರುವ ಎಂಜಿನಿಯರ್ ಜೊತೆ ವಿದ್ಯುತ್ ಕಂಪನಿ ಹೆಸ್ಕಾಂ ಮತ್ತು ಅಗ್ನಿಶಾಮಕ ಇಲಾಖೆಯವರೂ ಬರಲಿ, ಅದೂ ದೀಪಾವಳಿ ಸೀಸನ್ ಶುರುವಾಗುವ ಮೊದಲೇ.

— ಒಬ್ಬ ಜವಳಿ ವ್ಯಾಪಾರಿ, ಹುಬ್ಬಳ್ಳಿ